ತಂದೆ ಎಂಬ ನಡುಹೆಸರು

ನಮ್ಮ ಕಡೆ ಹೊಸಬರು ಸಿಕ್ಕರೆ ಹೆಸರು ಕೇಳುವುದು ಆಮೇಲಿನ ಮಾತು. ಮೊದಲ ಪ್ರಶ್ನೆ, "ಯಾರ ಪೈಕಿ ಆಗ್ಬೇಕ್ರಿ?" ಆಳಂದದ ಬಸ್ ನಿಲ್ದಾಣದಲ್ಲಿ ಪಕ್ಕಕ್ಕೆ ಕುಳಿತವರು ಹೀಗೆ ಕೇಳಿ, ನಿಮ್ಮ ಅಜ್ಜನವರೆಗೆ ಹೋಗಿ, ಅಲ್ಲಿಂದ ತಮ್ಮ ಅತ್ತೆಯ ಮನೆಗೆ ಹೇಗೋ ಒಂದು ದಾರಿ ಹುಡುಕಿಕೊಂಡು, "ಹಂಗಾದ್ರ ನೀವು ನಮ್ಮವ್ರೇ ಆದ್ರಿ" ಎಂದು ತಮ್ಮ ಚೀಲವನ್ನು ನಿಮ್ಮ ತೊಡೆಯ ಮೇಲಿಟ್ಟು ನೀರು ಕುಡಿಯಲು ಹೋಗುತ್ತಾರೆ. ಚಿಕ್ಕಂದಿನಲ್ಲಿ ಈ ವಿಚಾರಣೆ ನನಗೆ ತಲೆನೋವಾಗಿತ್ತು. ಓದಿ ಮುಗಿಸಿ ಜೇವರ್ಗಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವನಾದ ಮೇಲೆ, ಯಂತ್ರಗಳ ಲೋಕದಲ್ಲಾದರೂ ಇಂಥ ಕಾಟವಿಲ್ಲವಲ್ಲ ಎಂದು ನೆಮ್ಮದಿಯಿಂದ ಇದ್ದೆ. ಆ ನೆಮ್ಮದಿ ಹೋದದ್ದು ನಾನೇ ಬರೆದ ಒಂದು ಪ್ರೋಗ್ರಾಮಿನಿಂದ.

ನನ್ನ ಅಪ್ಪ ಗುರುಲಿಂಗಪ್ಪ ಮಾಸ್ತರರು ನರೋಣಾದಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಲೇ ನಿವೃತ್ತರಾದವರು. ಈಗ ಅದೇ ಊರಲ್ಲಿ ನನ್ನ ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿಯ ಜೊತೆಗಿದ್ದಾರೆ. ಎರಡರ ಮಗ್ಗಿ, ಮೂರರ ಮಗ್ಗಿ ಯಾರಿಗೆ ಬರುವುದಿಲ್ಲ? ಅಪ್ಪನ ವಿಶೇಷ ಇದ್ದದ್ದು ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಗಳಲ್ಲಿ. ಮರಾಠಿ ಸೀಮೆ ಹತ್ತಿರವಾದ್ದರಿಂದ ಅವುಗಳಿಗೆ ನಮ್ಮಲ್ಲಿ ಪಾವಕಿ, ನಿಮಕಿ, ಪಾವಣಕಿ ಎಂದು ಹೆಸರು. ಒಂದೂವರೆಯದು ದೀಡಕಿ, ಮೂರೂವರೆಯದು ಔಟಕಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಓಣಿಯ ಮಕ್ಕಳೆಲ್ಲ ನಮ್ಮ ಕಟ್ಟೆಯ ಮೇಲೆ ಕುಳಿತು "ಒಂದ್ ಕಾಲ್ ಕಾಲು, ಎರಡ್ ಕಾಲ್ ಅರ್ಧ" ಎಂದು ತೂಗುತ್ತ ಹೇಳುತ್ತಿದ್ದೆವು. ಒಳಗೆ ಅವ್ವ ಅದೇ ತಾಳಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಅವಳು ಹೋಗಿ ಬಹಳ ದಿನವಾಯಿತು. ಆದರೆ ಈಗಲೂ ಕಾಲೇಜಿನಲ್ಲಿ ಯಾರಾದರೂ ಮುಕ್ಕಾಲು ಎಂದರೆ ನನ್ನ ಮೂಗಿಗೆ ಜೋಳದ ರೊಟ್ಟಿ ಸುಡುವ ವಾಸನೆ ಬರುತ್ತದೆ.

ಒಮ್ಮೆ ಊರಿಗೆ ಹೋದಾಗ ಅಪ್ಪ, "ಪಾವಕಿ, ನಿಮಕಿ ಈಗ ಯಾರಿಗೂ ಬೇಡಾಗ್ಯಾವ. ನನ್ನ ಸಂಗಡನೇ ಹೋಗ್ತಾವ" ಎಂದರು. ಬೇಸರದಿಂದಲ್ಲ, ಬಸ್ಸಿನ ವೇಳೆ ಹೇಳಿದಷ್ಟು ಸಾದಾ ಆಗಿ ಅಂದರು. ಜೇವರ್ಗಿಗೆ ಮರಳಿದವನೇ ಆ ಮಗ್ಗಿಗಳಿಗೊಂದು ಪ್ರೋಗ್ರಾಂ ಬರೆಯಲು ಕುಳಿತೆ. ಅಂಕಿಗಳು ಒಂದೊಂದಾಗಿ ತೆರೆಯ ಮೇಲೆ ಬರುತ್ತವೆ, ಹಿಂದೆ ನನ್ನ ದನಿ ಅಪ್ಪನ ಧಾಟಿಯಲ್ಲಿ ಹೇಳುತ್ತದೆ. ನನ್ನ ದನಿ ಅಷ್ಟೇನೂ ಇಂಪಲ್ಲ. ಧ್ವನಿಮುದ್ರಣ ನಡೆದಷ್ಟು ದಿನ ಹೆಂಡತಿ ಅಡುಗೆಮನೆಯ ಬಾಗಿಲು ಮುಂದಕ್ಕೆ ಮಾಡಿಕೊಂಡಿದ್ದಳು. ಅದನ್ನು ಅಪ್ಪ ಒಮ್ಮೆ ಕೇಳಬೇಕು, ಅವರ ಸಂಗಡ ಅವು ಹೋಗುವುದಿಲ್ಲವೆಂದು ಅವರಿಗೆ ತಿಳಿಯಬೇಕು, ಇಷ್ಟೇ ನನ್ನ ಆಸೆ.

ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ಅಪ್ಪನ ಲ್ಯಾಪ್‌ಟಾಪಿಗೆ ಚುಚ್ಚಿದೆ. ಒತ್ತಿದ ಕೂಡಲೇ ತೆರೆ ತುಂಬ ಒಂದು ಎಚ್ಚರಿಕೆ: ಪ್ರಕಾಶಕರು ಅಪರಿಚಿತರು, ಇದರಿಂದ ನಿಮ್ಮ ಕಂಪ್ಯೂಟರಿಗೆ ಅಪಾಯವಾಗಬಹುದು. ಅಪ್ಪ ಚಶ್ಮಾ ಸರಿಮಾಡಿಕೊಂಡು ಪ್ರತಿ ಅಕ್ಷರ ಓದಿ ನನ್ನ ಮುಖ ನೋಡಿದರು.

"ಸಿದ್ದಣ್ಣ, ಇದು ನಿನ್ನ ಗುರ್ತಾ ಹಿಡೀವಲ್ದಲ್ಲೋ."

"ನಾ ಇಲ್ಲೇ ಕುಂತೇನಲ್ರಿ ಅಪ್ಪ. ಅದು ಎಲ್ಲಾರಿಗೂ ಹಂಗೇ ಅಂತದ. ನೀವು ಮುಂದ ಒತ್ರಿ."

"ನನಗ ಗೊತ್ತದ, ಅದಕ್ಕ ಗೊತ್ತಿಲ್ಲ. ಗುರ್ತಾ ಇಲ್ಲದವ್ರ ಸಾಮಾನು ಒಳಗ ತಗೋಬ್ಯಾಡ ಅಂತ ಬಾಗಿಲು ಕಾಯಾಂವನೇ ಹೇಳಾಕತ್ತಾನ. ಅವನ ಮಾತು ಮೀರಿ ಹ್ಯಾಂಗ ಒತ್ತಲಿ?"

ಜೀವನಪೂರ್ತಿ ಮಕ್ಕಳಿಗೆ ನಿಯಮ ಕಲಿಸಿದ ಮನುಷ್ಯ, ಮಗನೆಂದು ರಿಯಾಯಿತಿ ಕೊಡಲಿಲ್ಲ. ನಾನು ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡೆ.

ಹೀಗೆ ಶುರುವಾಯಿತು ನನ್ನ ದಸ್ಕತ್ತಿನ ಪುರಾಣ. ಪ್ರೋಗ್ರಾಮನ್ನು ಪದ್ಧತಿಯಂತೆ ಗಂಟು ಕಟ್ಟಿ, ಅದರ ಮೇಲೆ ನನ್ನ ಡಿಜಿಟಲ್ ದಸ್ಕತ್ತು ಹಾಕಿ, ಆ್ಯಪ್ ಅಂಗಡಿಗೆ ಒಪ್ಪಿಸಬೇಕು. ದಸ್ಕತ್ತು ನನ್ನದೇ ಎನ್ನಲು ಒಂದು ಪ್ರಮಾಣಪತ್ರ ಬೇಕು. ಅದನ್ನು ಕೊಡುವವರು ನಂಬಿಕಸ್ತರು ಎನ್ನಲು ಅವರ ಮೇಲೊಬ್ಬರು, ಅವರ ಮೇಲೆ ಮತ್ತೊಬ್ಬರು. ಓದುತ್ತ ಹೋದಂತೆ ನಗು ಬಂತು. ಯಾರ ಪೈಕಿ ಎಂದು ಕೇಳುತ್ತ ಅಜ್ಜ, ಮುತ್ತಜ್ಜರವರೆಗೆ ಹೋಗುವ ನಮ್ಮ ಬಸ್ ನಿಲ್ದಾಣವನ್ನೇ ಇವರು ಎಲ್ಲಿಗೋ ಎತ್ತಿಕೊಂಡು ಹೋಗಿ ಗಣಿತದಲ್ಲಿ ಬರೆದಿದ್ದರು. ಗಂಟು ಕಟ್ಟುವಾಗಂತೂ ಅವ್ವ ಬಹಳ ನೆನಪಾದಳು. ಅಫಜಲಪುರದಲ್ಲಿದ್ದ ನಮ್ಮ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಅವಳು ಬಸ್ಸಿನ ಕಂಡಕ್ಟರನ ಕೈಯಲ್ಲಿ ಶೇಂಗಾ ಹೋಳಿಗೆ ಕಳಿಸುತ್ತಿದ್ದಳು. ಚೀಲದ ಬಾಯನ್ನು ದಬ್ಬಣದಿಂದ ಕೆಂಪು ದಾರ ಹಾಕಿ, ಎರಡು ಉದ್ದ ಒಂದು ಗಿಡ್ಡ, ತನ್ನದೇ ಕ್ರಮದಲ್ಲಿ ಹೊಲಿಯುವಳು. ಅತ್ತೆ ಮೊದಲು ಹೊಲಿಗೆ ನೋಡಿ ಆಮೇಲೆ ಚೀಲ ಬಿಚ್ಚುವಳು. ಒಮ್ಮೆ ದಾರಿಯಲ್ಲಿ ಯಾರೋ ಬಿಚ್ಚಿ ಒಂದಿಷ್ಟು ತಿಂದು ಮತ್ತೆ ಹೊಲಿದಿದ್ದರು. "ಇದು ನಮ್ಮ ವೈನಿ ಹೊಲಿಗಿ ಅಲ್ರೀ" ಎಂದು ಅತ್ತೆ ಕಂಡಕ್ಟರನನ್ನು ನಿಲ್ದಾಣದಲ್ಲೇ ತಡೆದು ನಿಲ್ಲಿಸಿದ್ದಳಂತೆ. ಈಗ ಅದೇ ಕೆಲಸಕ್ಕೆ ನಾನು ಇಂಗ್ಲಿಷಿನಲ್ಲಿ ಪುಟಗಟ್ಟಲೆ ಓದಬೇಕಾಯಿತು.

ಅಂಗಡಿಯವರ ಪ್ರಶ್ನೆಗಳೂ ಬಹಳ. ನಿಮ್ಮ ಪ್ರೋಗ್ರಾಮಿನಲ್ಲಿ ಹಿಂಸೆ ಇದೆಯೇ? ಮಕ್ಕಳಲ್ಲಿ ಭಯ ಹುಟ್ಟಿಸುವ ಅಂಶ ಇದೆಯೇ? ಔಟಕಿ ತಪ್ಪಿದಾಗ ಅಪ್ಪ ನನ್ನ ಕಿವಿ ಹಿಂಡಿದ್ದು ನೆನಪಾಗಿ, ಇಲ್ಲ ಎಂದು ಒತ್ತುವ ಮೊದಲು ನಾನು ಸ್ವಲ್ಪ ಹೊತ್ತು ಪ್ರಾಮಾಣಿಕವಾಗಿ ಯೋಚಿಸಿದೆ.

ಎಡವಟ್ಟು ಆದದ್ದು ಹೆಸರಿನಲ್ಲಿ. ಪ್ರಮಾಣಪತ್ರದ ಅರ್ಜಿಯಲ್ಲಿ ಮೂರು ಚೌಕ: ಮೊದಲ ಹೆಸರು, ನಡುಹೆಸರು, ಕೊನೆಯ ಹೆಸರು. ಒಂದನ್ನೂ ಖಾಲಿ ಬಿಡುವಂತಿಲ್ಲ. ನಮ್ಮಲ್ಲಿ ಶಾಲೆಯಿಂದ ಹಿಡಿದು ಕಚೇರಿಯವರೆಗೆ ಎಲ್ಲ ಕಾಗದದಲ್ಲೂ ಮನುಷ್ಯ ಇರುವುದೇ ಅಪ್ಪನ ಸಮೇತ. ನನ್ನ ಗುರುತಿನ ಚೀಟಿಯಲ್ಲೂ ಸಿದ್ದಣ್ಣ ತಂದೆ ಗುರುಲಿಂಗಪ್ಪ ಎಂದೇ ಇಂಗ್ಲಿಷ್ ಅಕ್ಷರಗಳಲ್ಲಿ ಇದೆ. ಮೂರು ಮಾತು, ಮೂರು ಚೌಕ. ಕೈ ತಾನಾಗಿಯೇ ತುಂಬಿಬಿಟ್ಟಿತು, ತಂದೆ ಎಂಬುದು ನನ್ನ ನಡುಹೆಸರಾಯಿತು. ಚೀಟಿಗೂ ಅರ್ಜಿಗೂ ಅಕ್ಷರಶಃ ತಾಳೆಯಾದ್ದರಿಂದ ಅವರಿಗೂ ಸಂಶಯ ಬರಲಿಲ್ಲ.

ಖಾತ್ರಿ ಮಾಡಿಕೊಳ್ಳಲು ಫೋನ್ ಬಂತು. ಒಬ್ಬ ಹೆಣ್ಣುಮಗಳು ಇಂಗ್ಲಿಷಿನಲ್ಲಿ, "ಮಿಸ್ಟರ್ ಗುರುಲಿಂಗಪ್ಪ ಮಾತಾಡ್ತಿದ್ದೀರಾ?" ಎಂದು ಕೇಳಿದಳು. "ಇಲ್ಲ, ಅವರು ಊರಲ್ಲಿದ್ದಾರೆ, ನಾನು ಅವರ ಮಗ" ಎಂದೆ. ಆಕೆ ವಿನಯದಿಂದ ಥ್ಯಾಂಕ್ಸ್ ಹೇಳಿ ಇಟ್ಟಳು. ಅರ್ಜಿದಾರರು ಸಿಗಲಿಲ್ಲ ಎಂದು ಅರ್ಜಿ ತಿರಸ್ಕಾರವಾಯಿತು. ಎರಡನೆಯ ಸಲ ಹುಷಾರಾದೆ. ಹೌದು, ನಾನೇ ಗುರುಲಿಂಗಪ್ಪ ಎಂದೆ. ಅಪ್ಪನ ಹೆಸರನ್ನು ಎದುರಿಗೆ ಎತ್ತಲೂ ಹೆದರುತ್ತಿದ್ದವನು ಅವರೇ ನಾನೆಂದು ಹೇಳಿಬಿಟ್ಟಿದ್ದೆ, ಹೇಳುತ್ತಲೇ ಮರ್ಯಾದೆಗೆಂದು ಕುರ್ಚಿಯಿಂದ ಎದ್ದೂ ನಿಂತಿದ್ದೆ. ಪ್ರಮಾಣಪತ್ರ ಬಂತು, ಪ್ರೋಗ್ರಾಂ ಅಂಗಡಿ ಸೇರಿತು. ಅಂದಿನಿಂದ ಪ್ರಮಾಣಪತ್ರದವರ ಮಿಂಚಂಚೆಗಳು ಒಮ್ಮೊಮ್ಮೆ "ಪ್ರಿಯ ತಂದೆ" ಎಂದು ಶುರುವಾಗುತ್ತವೆ. ಇಷ್ಟು ಮರ್ಯಾದೆಯಿಂದ ನನ್ನ ಮಗಳೂ ಕರೆದಿಲ್ಲ.

ಮುಂದಿನ ರವಿವಾರ ನರೋಣಾಕ್ಕೆ ಹೋದೆ. ಈ ಸಲ ಪೆನ್‌ಡ್ರೈವ್ ಇಲ್ಲ, ಅಪ್ಪನೇ ಅಂಗಡಿಯಿಂದ ಇಳಿಸಿಕೊಂಡರು. ಪ್ರಕಾಶಕರು: ಸಿದ್ದಣ್ಣ ತಂದೆ ಗುರುಲಿಂಗಪ್ಪ. ಅದನ್ನು ಬೆರಳಿಟ್ಟು ಓದಿದರು. ಇದೊಂದು ತಪ್ಪಾಗಿದೆ, ತಿದ್ದಿಸುತ್ತೇನೆ ಎಂದೆ.

"ಏನ್ ತಪ್ಪದ ಇದರಾಗ? ಬರೋಬ್ಬರಿ ಅದ" ಎಂದು ಒತ್ತಿದರು.

ನನ್ನ ಒರಟು ದನಿ ಪಾವಕಿ ಹೇಳತೊಡಗಿತು. ಅಪ್ಪ ಕಣ್ಣು ಮುಚ್ಚಿದರು, ತುಟಿಗಳು ಅಲುಗಿದವು. ಮುಕ್ಕಾಲು ದಾಟುವ ಹೊತ್ತಿಗೆ ಅವರ ದನಿಯೇ ಮುಂದಾಗಿತ್ತು, ನನ್ನದು ಹಿಂದೆ ಹೇಳುತ್ತಿತ್ತು. ನನಗೆ ಅಳು ಬಂತು. ತೋರಗೊಡಬಾರದೆಂದು ಚಾರ್ಜರಿನ ವೈರು ಸರಿಪಡಿಸುವ ನೆವದಲ್ಲಿ ಬಗ್ಗಿದೆ.

ಮಗ್ಗಿ ಮುಗಿದ ಮೇಲೆ ಕೇಳಿದರು, "ಈ ದಸ್ಕತ್ತಿಗೆ ಮುದ್ದತ್ ಅದೇನು?"

"ಅದರಿ. ವರ್ಷಕ್ಕೊಮ್ಮಿ ಮತ್ತ ಗುರ್ತಾ ತೋರಸ್ಬೇಕು. ಇಲ್ಲಾಂದ್ರ ಮುಂದ ಏನ್ ಕಳಿಸಿದ್ರೂ ಅಪರಿಚಿತ ಅಂತದ."

"ನಮ್ಮಲ್ಲಿ ಹಂಗಿಲ್ಲ ಬಿಡು" ಎಂದು ಅಪ್ಪ ಚಶ್ಮಾ ತೆಗೆದು ಒರೆಸಿಕೊಂಡರು. "ನೀ ವರ್ಷಕ್ಕೊಮ್ಮಿ ಬಂದ್ರೂ ಗುರ್ತಾ ಹಿಡೀತೇವಿ."

ಚುಚ್ಚಿ ಆಡಿದ ಮಾತೋ, ಸಮಾಧಾನದ ಮಾತೋ ತಿಳಿಯಲಿಲ್ಲ. ಜೇವರ್ಗಿಯಿಂದ ನರೋಣಾ ಏನು ದೇಶಾಂತರವಲ್ಲ. ಸಂಜೆಯ ಬಸ್ಸಿಗೆ ಹೊರಡಲು ಮೆಟ್ಟಿಕೊಂಡಿದ್ದ ಚಪ್ಪಲಿಯನ್ನು ಬಿಟ್ಟು, ಇವತ್ತು ಇಲ್ಲೇ ಇರುತ್ತೇನೆ ಎಂದು ಒಳಗೆ ಕೇಳುವಂತೆ ಹೇಳಿದೆ. ವೈನಿ ಅಡುಗೆಮನೆಯಿಂದ ಇಣುಕಿ, ಬೀಗರನ್ನು ಕೇಳುವ ಹಾಗೆ ಬಹಳ ಮರ್ಯಾದೆಯಿಂದ ಕೇಳಿದರು: "ನಿಮಗ ಖಾರ ನಡೀತದೇನ್ರಿ?"

ನಡೀತದ್ರಿ ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ಅಪ್ಪನ ಕಡೆ ತಿರುಗಿ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು.