ಮುದ್ದೆಗೆ ಯಾವ ಕೋಡು?

ಪಾಂಡವಪುರದ ಬಸ್‌ಸ್ಟ್ಯಾಂಡ್ ಹತ್ತಿರ ಆನ್‌ಲೈನ್ ಸೇವೆಯ ಅಂಗಡಿ ಇಟ್ಟುಕೊಂಡಿರುವ ನನಗೆ ನಗುವಿಗೆ ಯಾವತ್ತೂ ಬರವಿಲ್ಲ. ಸಾಲ ಬೇಕು ಅನ್ನುವವರು ಮೊದಲು ತಮ್ಮ ಉದ್ಯಮವನ್ನು ನೋಂದಾಯಿಸಬೇಕು. ಅದಕ್ಕೆ ಅವರವರ ಕಸುಬಿಗೆ ಸರ್ಕಾರ ಇಟ್ಟಿರುವ ಕೋಡು, ಅಂದರೆ ಸಂಕೇತದ ನಂಬರು, ಬೇಕು. ಕೋಡು ತಪ್ಪಿತೋ, ಬ್ಯಾಂಕಿಗೆ ಹೋದವರು ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸು ಬರಬೇಕು. ಕೋಡು ಹುಡುಕಿಕೊಡಲು ಈಗ ನನ್ನ ಫೋನಿನಲ್ಲಿ ಎಐ ಇದೆ. ದೇವರು ಅದನ್ನು ಚೆನ್ನಾಗಿಟ್ಟಿರಲಿ. ಸಾವಿರಾರು ಕೋಡುಗಳನ್ನು ಬಲ್ಲದು. ನಮ್ಮ ಜನರ ಮಾತಿನ ವರಸೆಯನ್ನು ಮಾತ್ರ ಅರಿಯದು.

ಏನೂ ಇಲ್ಲ ಬುಡಿ

ಕಿರಂಗೂರಿನ ಅಕ್ಕ ಒಬ್ಬರು ಹೋಟೆಲುಗಳಿಗೆ, ಬೀಗರೂಟಗಳಿಗೆ ರಾಗಿಮುದ್ದೆ ಕಟ್ಟಿಕೊಡುತ್ತಾರೆ. ಹಿಟ್ಟು ತೊಳಸಿ ತೊಳಸಿ ಮಣಿಕಟ್ಟು ಊದಿಕೊಂಡಿತ್ತು. ಮುದ್ದೆ ಮಿಷನ್ನಿಗೆ ಸಾಲ ಸಿಗದಿದ್ದರೆ ಕಸುಬು ಬಿಡುವುದೇ ಗತಿ ಎಂದು ಡಾಕ್ಟರೂ ಹೇಳಿಬಿಟ್ಟಿದ್ದರು.

ನೀವೇ ಹೇಳಿ ಅಂತ ಫೋನನ್ನು ಅವರ ಮುಂದೆ ಹಿಡಿದೆ. ನಮ್ಮ ಕಡೆ ಯಾರೂ ತಮ್ಮ ಏಳಿಗೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ದೃಷ್ಟಿ ತಾಗುತ್ತದೆ. ಅಕ್ಕ ಫೋನಿಗೂ ಅದೇ ಮರ್ಯಾದೆ ಕೊಟ್ಟರು.

"ಏನೂ ಇಲ್ಲ ಬುಡಪ್ಪ, ಮನೇಲಿ ಒಸಿ ಹಿಟ್ಟು ತೊಳಸ್ಕಂಡು ಉಣ್ಕಂಡಿವ್ನಿ."

ಎಐ ಪಾಪ, ನಂಬಿತು. ಸ್ವಂತ ಮನೆಯ ಬಳಕೆಗೆ ಅಡುಗೆ ಮಾಡಿಕೊಳ್ಳುವವರ ಕೋಡು ಕೊಟ್ಟಿತು. ಅಂಗಡಿಯ ಗಡಿಬಿಡಿಯಲ್ಲಿ ನಾನೂ ಅದನ್ನೇ ಹಾಕಿದೆ. ಬ್ಯಾಂಕಿನ ಸಾಹೇಬರು ಕಾಗದ ನೋಡಿ, ಮಿಷನ್ ಇಟ್ಟು ಉಣ್ಣುವಷ್ಟು ಜನ ಮನೆಯಲ್ಲಿ ಎಷ್ಟಿದ್ದೀರಿ ಅಂತ ಕೇಳಿದರಂತೆ.

"ನಾನೊಬ್ಳೆ ಸೋಮಿ" ಅಂದರಂತೆ ಅಕ್ಕ.

ಹೊಳೆಯ ಪ್ರಯಾಣಿಕರು

ಅಕ್ಕನ ಅರ್ಜಿ ಹಾಗೆ ವಾಪಸು ಬಂದ ವಾರವೇ ಶ್ರೀರಂಗಪಟ್ಟಣದ ತೆಪ್ಪದವನೊಬ್ಬ ಬಂದ. ಅಸ್ಥಿ ಬಿಡಲು ಬರುವವರನ್ನು ಹೊಳೆಯ ನಡುವಿಗೆ ಕರೆದುಕೊಂಡು ಹೋಗುವುದು ಅವನ ಕೆಲಸ. ಅವನದೂ ಮಾತು ಕಮ್ಮಿ. ಹೊಳೆಯಲ್ಲಿ ಜನರನ್ನು ಕರೆದೊಯ್ಯುತ್ತೇನೆ ಅಂದ, ಅಷ್ಟೇ. ಎಐ ಪ್ರಯಾಣಿಕರ ಜಲಸಾರಿಗೆ ಅಂತ ಕೋಡು ಹುಡುಕಿ, ಪ್ರಯಾಣಿಕರು ಹೋಗಿ ವಾಪಸು ಬರುತ್ತಾರೋ, ಹೋಗುವುದು ಮಾತ್ರವೋ ಅಂತ ವಿಚಾರಿಸಿತು. ಅವನು ಗಡ್ಡ ಕೆರೆದುಕೊಂಡು ಯೋಚಿಸಿದ.

"ಕುಂತ್ಕಂಡೋದೋರು ವಾಪಸ್ ಬತ್ತಾರೆ. ಕುಡಿಕೇಲಿ ಹೋದೋರು ಬರಕ್ಕಿಲ್ಲ."

ನಾಗಮಂಗಲದ ಹಿತ್ತಾಳೆ

ಇವರಿಬ್ಬರದು ಮಾತು ಕಮ್ಮಿಯಾಯಿತಲ್ಲ, ಅದರ ಬಾಕಿಯನ್ನೂ ಸೇರಿಸಿ ಆಡಿದವರು ನಾಗಮಂಗಲದ ದೀಪದ ಕಂಬ ಮಾಡುವ ಯಜಮಾನರು. ತಾತನಿಂದ ಶುರು ಮಾಡಿದರು. ಅಚ್ಚು ಯಾರ ಪಾಲಿಗೆ ಬರಬೇಕಿತ್ತು, ದಾಯಾದಿ ಯಾವ ಮೋಸ ಮಾಡಿದ, ಮಂಡ್ಯದ ಕೋರ್ಟಿನಲ್ಲಿ ಏನಾಯಿತು, ಎಲ್ಲ ಬಂತು. ಹಿತ್ತಾಳೆ ಒಂದು ಬರಲಿಲ್ಲ. ನಾನು ಎರಡು ಸಲ ಕಾಫಿ ತರಿಸಿದೆ. ಕೊನೆಗೆ ಎಐ ಕೊಟ್ಟದ್ದು ವಕೀಲಿ ವೃತ್ತಿಯ ಕೋಡು.

ಓದಿ ಹೇಳಿದೆ. ಯಜಮಾನರು ಬೇಜಾರೇನೂ ಮಾಡಿಕೊಳ್ಳಲಿಲ್ಲ.

"ಆ ಯಾಪಾರಾನೂ ನಡೀತಾ ಅದೆ ಕಣಪ್ಪ. ಆದ್ರೆ ಅದ್ರಲ್ಲಿ ನಾವು ಗಿರಾಕಿಗಳು."

ಅವರ ದಯೆಯಿಂದ ನನಗೆ ಬುದ್ಧಿ ಬಂತು. ಅವತ್ತಿನಿಂದ ಮೂರೇ ಪ್ರಶ್ನೆ: ಏನು ಮಾಡುತ್ತೀರಿ, ಯಾವುದರಿಂದ ಮಾಡುತ್ತೀರಿ, ಯಾರಿಗೆ ಕೊಡುತ್ತೀರಿ. ಇಷ್ಟು ಹೇಳಿಕೊಟ್ಟರೆ ಎಐ ಎಡವುವುದು ಅಪರೂಪ.

ಬಾಗಿಲು ಹಾಕಿಕೊಂಡು

ಕಿರಂಗೂರಿನ ಅಕ್ಕನಿಗೆ ಹೇಳಿ ಕಳಿಸಿದೆ. ಅಕ್ಕಾ, ಕೈ ಉಳಿಯಬೇಕಾದರೆ ಈ ಸಲ ಇದ್ದದ್ದು ಇದ್ದ ಹಾಗೆ ಹೇಳಬೇಕು ಅಂತ ಬೇಡಿಕೊಂಡೆ. ಜನರ ಮುಂದೆ ಆಗುವುದಿಲ್ಲ ಅಂದರು. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳನ್ನು, ನನ್ನನ್ನೂ ಸೇರಿಸಿ, ಆಚೆಗೆ ಕಳಿಸಿ, ನನ್ನ ಫೋನಿನ ಜೊತೆ ಬಾಗಿಲು ಹಾಕಿಕೊಂಡರು.

ಆದರೆ ಫೋನಿಗೆ ಕಿವಿ ಮಂದ ಅಂತ ಯಾರು ಹೇಳಿದ್ದರೋ. ಮೈಸೂರು ರಸ್ತೆಯ ಹೋಟೆಲುಗಳು, ಕೆ.ಆರ್.ಪೇಟೆಯ ಬೀಗರೂಟಕ್ಕೆ ಹೋದ ಸಾವಿರ ಮುದ್ದೆ, ಕೈಕೆಳಗಿನ ನಾಲ್ಕು ಹೆಂಗಸರು, ಎಲ್ಲವೂ ಬಸ್ ಕಾಯುತ್ತಿದ್ದವರಿಗೆಲ್ಲ ಕೇಳಿಸಿತು. ಒಬ್ಬಾತ ಬಸ್ಸು ಬಿಟ್ಟು ನಿಂತು ಕೇಳಿದ.

ಎಐ ಸಮಾರಂಭಗಳಿಗೆ ಊಟ ಒದಗಿಸುವವರ ಕೋಡು ಕೊಟ್ಟಿತು, ಸರಿಯಾದದ್ದೇ. ಮುಂದೆ ಅದರಿಂದಲೇ ಸಾಲವಾಯಿತು, ಮಿಷನ್ ಬಂತು, ಅಕ್ಕನ ಕೈ ಊತವೂ ಇಳಿಯಿತು. ಆ ಉಪಕಾರವನ್ನು ನಾನು ಮರೆಯುವವನಲ್ಲ.

ಆದರೆ ಅವತ್ತು ಬಾಗಿಲು ತೆಗೆದಾಗ ಅಕ್ಕನ ಮುಖ ಬಿಳಿಚಿಕೊಂಡಿತ್ತು. ಕೋಡಿನ ಜೊತೆ ಎಐ ಒಂದು ಮಾತು ಸೇರಿಸಿತ್ತು: ಅಭಿನಂದನೆಗಳು, ನಿಮ್ಮ ವ್ಯಾಪಾರ ತುಂಬಾ ಚೆನ್ನಾಗಿ ಬೆಳೆಯುತ್ತಿದೆ.

"ನೋಡ್ದಾ, ಕಣ್ಣಾಕ್ಬುಡ್ತು. ಅದ್ರ ಬಾಯಲ್ಲೇ ಮೂರು ಸಲ ಥೂ ಅನ್ಸು. ಇಲ್ದಿದ್ರೆ ಈ ಕೋಡೂ ಬ್ಯಾಡ, ಸಾಲಾನೂ ಬ್ಯಾಡ."

ಎಷ್ಟು ಹೇಳಿದರೂ ಜಗ್ಗಲಿಲ್ಲ. ಬೇರೆ ದಾರಿ ಕಾಣದೆ ಫೋನ್ ಎತ್ತಿಕೊಂಡು, ವಿಷಯ ಹೀಗಿದೆ, ನೀನು ಹೊಗಳಿದ್ದರಿಂದ ದೃಷ್ಟಿಯಾಗಿದೆ, ದಯವಿಟ್ಟು ಉಗಿ ಅಂತ ಕೇಳಿಕೊಂಡೆ. ಅದು ವಾರ್ತೆ ಓದುವವರ ಹಾಗೆ ಸ್ಪಷ್ಟವಾಗಿ ಹೇಳಿತು:

"ಥೂ. ಥೂ. ಥೂ. ಇನ್ನೇನಾದರೂ ಸಹಾಯ ಬೇಕೇ?"