ಮಾಮನ ರಕ್ತಕ್ಕೆ ಮೂರು ಅಂಗಡಿ

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇದು ನಡೆದದ್ದು ಮಂಗಳವಾರ ಎನ್ನುತ್ತದೆ ನನ್ನ ದಿನಚರಿ, ನೆನಪು ಸೋಮವಾರವೇ ಎಂದು ಹಟ ಹಿಡಿಯುತ್ತದೆ. ಎರಡೂ ನನ್ನವೇ; ಯಾವುದನ್ನು ನಂಬಲಿ? ಆದರೆ ಒಂದು ಮಾತನ್ನು ಎದೆ ತಟ್ಟಿ ಹೇಳಬಲ್ಲೆ: ಮಸ್ಕಿ, ಲಿಂಗಸುಗೂರು, ಸಿಂಧನೂರು, ಈ ಮೂರೂ ಊರಿನ ಸೂಜಿಗಳಿಗೆ ಗುರುತಿರುವ ತೋಳು ಭೂಮಿಯ ಮೇಲೆ ಒಂದೇ ಒಂದು. ಅದು ನನ್ನ ಸೋದರಮಾವನದು!

ಮಾಮ ಮಸ್ಕಿಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ಮೂವತ್ತು ವರ್ಷ ಗಾದಿಯ ಮೇಲೆ ಕೂತು ಅವನು ಕಲಿತದ್ದು ಇಷ್ಟೇ: ಬುದ್ಧಿಯಿರುವ ಗಿರಾಕಿ ಮೊದಲ ಅಂಗಡಿಯಲ್ಲಿ ಸೀರೆ ಕೊಳ್ಳುವುದಿಲ್ಲ. ಹೀಗಾಗಿ ಕಳೆದ ವರ್ಷ ಮಸ್ಕಿಯ ಲ್ಯಾಬಿನವರು ಅವನ ರಕ್ತದಲ್ಲಿ ಸಕ್ಕರೆ ಹೆಚ್ಚಿದೆ ಎಂದು ರಿಪೋರ್ಟ್ ಕೊಟ್ಟಾಗ ಅದನ್ನು ಮಡಚಿ ಕಿಸೆಗೆ ಹಾಕಿಕೊಂಡು, "ಇರ್ಲಿ, ಇನ್ನೊಂದ್ ಕಡೆ ನೋಡಿ ಬರ್ತೀನಿ" ಎಂದನಂತೆ! ಅವನ ಅಂಗಡಿಯಿಂದ ಬರಿಗೈಲಿ ಎದ್ದು ಹೋಗುವ ಹೆಂಗಸರ ಮಾತು ಅದು, ಒಂದಕ್ಷರ ಬದಲಿಲ್ಲ.

ಲಿಂಗಸುಗೂರಿಗೆ ಹೋದ. ಅಲ್ಲಿ ನಂಬರು ಇನ್ನೂ ಮೇಲೇರಿತು. ಮಾಮ ಕೌಂಟರಿನ ಮೇಲೆ ಬಾಗಿ ಚೌಕಾಸಿಗೆ ಇಳಿದ. (ಇದನ್ನು ನನಗೆ ಹೇಳಿದವಳು ಅತ್ತೆ, ಮಾಮನ ಹೆಂಡತಿ. ಅವಳು ಯಾವ ಸುದ್ದಿಗೂ ನಾಲ್ಕಾಣೆ ಒಗ್ಗರಣೆ ಹಾಕದೆ ಬಡಿಸುವವಳಲ್ಲ.)

"ತಮ್ಮಾ, ರೊಕ್ಕ ಬೇಕಾದ್ರ ಇನ್ನಷ್ಟ್ ತಗೋ. ನಂಬರ್ ಸ್ವಲ್ಪ ಕಡಿಮಿ ಮಾಡಿ ಬರಿ."

"ಕಾಕಾ, ಅದು ಮಿಷನ್ ಹೇಳೂದ್ರಿ, ನಾನಲ್ಲ."

"ಹಂಗಾದ್ರ ಮಿಷನ್ನಿಗೆ ಹೇಳು, ಇನ್ ಮ್ಯಾಲ ನಾ ಖಾಯಂ ಗಿರಾಕಿ ಅಂತ!"

ಕೇಳಿ ನಕ್ಕೆ. ನಗುತ್ತಿದ್ದಂತೆಯೇ ಅವ್ವ ನೆನಪಾದಳು. ನನ್ನ ಅವ್ವ, ಅಂದರೆ ಈ ಮಾಮನ ಒಬ್ಬಳೇ ಅಕ್ಕ, ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟು ತೀರಿಕೊಂಡು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮಾಮನೂ ಅದೇ ದಾರಿ ಹಿಡಿದನೆ? ಸಿಂಧನೂರಿನ ಕಾಲೇಜಿನಲ್ಲಿ ಪಾಠ ಹೇಳುವ ನಾನು ಎರಡು ದಿನ ರಜೆ ಹಾಕಿ ಮಸ್ಕಿಗೆ ಹೋದೆ. ಮೂರನೆಯ ಅಂಗಡಿಗೆ, ಅಂದರೆ ಸಿಂಧನೂರಿನ ಲ್ಯಾಬಿಗೆ, ನಾನೇ ಕರೆದೊಯ್ಯುವುದೆಂದು ತೀರ್ಮಾನವಾಗಿತ್ತು.

ಮಾಮ ಎರಡೂ ರಿಪೋರ್ಟುಗಳನ್ನು ನನ್ನ ಮುಂದೆ ಹಾಸಿದ. "ನೀ ಎಂ.ಎ. ಮಾಡಿದಾಕಿ, ಓದು."

ನಾನು ಮಾಡಿದ್ದು ಇತಿಹಾಸದ ಎಂ.ಎ.! ಆದರೂ ಕನ್ನಡಕ ಏರಿಸಿ ಓದಿದೆ. ನಂಬರಿನ ಪಕ್ಕ ದಪ್ಪಗೆ 'ಎಚ್' ಎಂದು, ಅಂದರೆ ಹೆಚ್ಚು ಎಂದು, ಅಚ್ಚಾಗಿತ್ತು. ಅದರಾಚೆ, ಇಷ್ಟರಿಂದ ಇಷ್ಟರವರೆಗೆ ಇದ್ದರೆ ಸರಿ ಎಂಬ ಮಿತಿ.

"ಈ ಮಿತಿ ಹಾಕಿದಾವ ಯಾರು? ನಮ್ಮೂರ ಬೆಲ್ಲ ಹಾಕಿದ ಗೋದಿ ಹುಗ್ಗಿ ಉಂಡಾನೇನು ಅಂವಾ?"

"ಅದು ಬಿಡು ಮಾಮಾ. ಎಂಟ್ಹತ್ತು ತಾಸು ನೀರು ಬಿಟ್ಟು ಏನೂ ತಗೋಬಾರದು. ಎರಡೂ ಸಲ ಖಾಲಿ ಹೊಟ್ಟಿಲೇ ಹೋಗಿದ್ದೇನು?"

"ಒಂದು ಹನಿ ಚಾ ಮುಟ್ಟಿಲ್ಲವಾ!"

ಮರುದಿನ ಬೆಳಗ್ಗೆ ಆರಕ್ಕೆ ಎದ್ದು ಬಂದು ನೋಡುತ್ತೇನೆ, ಮಾಮ ಲಿಂಗಪೂಜೆ ಮುಗಿಸಿ ಎಡೆಯ ತಟ್ಟೆಯಿಂದ ಬಾಳೆಹಣ್ಣು ಸುಲಿದು ಬಾಯಿಗೆ ಒಯ್ಯುತ್ತಿದ್ದಾನೆ! ಪಕ್ಕದಲ್ಲಿ ಸಕ್ಕರೆ, ಒಂದು ಲೋಟ ಹಾಲು.

"ಮಾಮಾ! ಏನ್ ತಿನ್ನಾಕತ್ತಿ?"

"ತಿನ್ನಾಕತ್ತಿಲ್ಲ, ಪ್ರಸಾದ ತಗೊಳ್ಳಾಕತ್ತೀನಿ."

"ಬಾಳೆಹಣ್ಣು, ಸಕ್ಕರಿ, ಹಾಲು! ಆ ಎರಡೂ ದಿನ ಇದನ್ನ ತಗೊಂಡ ಹೋಗಿದ್ದೇನು?"

"ಪ್ರಸಾದ ಇಲ್ಲದ ಹೊಸ್ತಿಲ ದಾಟಿದಾವಲ್ಲ ನಾ. ಲಿಂಗಕ್ಕ ಎಡಿ ತೋರಿಸಿದ ಮ್ಯಾಲೂ ಅದರಾಗ ಸಕ್ಕರಿ ಉಳಿತೈತೇನು?"

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ದಿನಾ ಒಂದ ಹಣ್ಣವಾ. ಲ್ಯಾಬಿಗೆ ಹೋಗೂ ದಿನ ಅಂಜಿಕಿಗೆ ಮೂರು ಏರಸ್ತಾರ!"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಣ್ಣು ಹಿಡಿದ ಮಾಮನ ಕೈ ಹಾಗೇ ನಿಂತಿತ್ತು. ಅವನ ಮುಖದಲ್ಲಿ ಸಂಕಟವಿತ್ತು, ನಾಟಕವಿರಲಿಲ್ಲ; ಹುಟ್ಟಿದಂದಿನಿಂದ ತಪ್ಪದ ಒಂದು ತುತ್ತಿನ ಪ್ರಶ್ನೆ ಅದು. ಕೊನೆಗೆ ಅತ್ತೆ ಪ್ರಸಾದವನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕೊಟ್ಟಳು, ರಕ್ತ ಕೊಟ್ಟ ಕೂಡಲೇ ತಗೊಳ್ಳತಕ್ಕದ್ದು ಎಂಬ ಕರಾರಿನ ಮೇಲೆ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದು ಕೂತ. ಗೊರೇಬಾಳದ ಬಳಿ ಕಿಟಕಿಯ ತುಂಬ ಭತ್ತದ ಹಸಿರು. ಅವನು ನೋಡಿದ್ದು ಡಬ್ಬಿಯನ್ನು ಮಾತ್ರ. "ನಾ ಕಾಯಬಹುದವಾ, ಪ್ರಸಾದ ಕಾಯಬಾರದು" ಎಂದು ಮೂರು ಸಲ ಹೇಳಿದ. ನಾಲ್ಕು ಸಲವೋ ಏನೋ.

ಸಿಂಧನೂರಿನ ಲ್ಯಾಬಿನ ಹುಡುಗಿ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. "ಮುಷ್ಟಿ ಗಟ್ಟಿ ಹಿಡೀರಿ ಕಾಕಾ. ಇರುವೆ ಕಡದಂಗ ಆಕ್ಕೈತಿ, ಅಷ್ಟ." ಟ್ರೇಯಲ್ಲಿ ಬೂದು, ನೇರಳೆ, ಕೆಂಪು ಮುಚ್ಚಳದ ಮೂರು ನಳಿಗೆಗಳಿದ್ದವು.

"ಮೂರ್ಯಾಕವಾ? ಸ್ಯಾಂಪಲ್ಲಿಗೆ ಒಂದು ತುಂಡು ಸಾಲಂಗಿಲ್ಲೇನು?"

"ಒಂದು ಇವತ್ತಿನ ಸಕ್ಕರಿಗ್ರಿ. ಒಂದು ಮೂರು ತಿಂಗಳ ಸರಾಸರಿಗೆ."

"ಮೂರು ತಿಂಗಳದ್ದು ರಕ್ತದಾಗ ಗೊತ್ತಾಕ್ಕೈತೇನು?"

"ಗೊತ್ತಾಕ್ಕೈತ್ರಿ."

ಮಾಮನ ಮುಖ ಬಿಳಿಚಿತು. ಗುಟ್ಟು ಬಯಲಾದ ಮೇಲೆ ಮುಚ್ಚಿಡುವುದೇನು ಎಂದುಕೊಂಡನೋ ಏನೋ, "ಸಂಕ್ರಮಣಕ್ಕ ಶೇಂಗಾ ಹೋಳಿಗಿ ಆರು. ಬೀಗರ ಮದುವ್ಯಾಗ ಜಿಲೇಬಿ, ಅದನ್ನ ಎಣಿಸಿಲ್ಲ..." ಎಂದು ಶುರುಮಾಡಿದ.

"ಕಾಕಾ, ನನಗ್ಯಾಕ ಹೇಳ್ತೀರಿ, ಕೈ ಸಡಿಲ ಬಿಡ್ರಿ!"

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಆಗ ಮಾಮ ಕೆಂಪು ಮುಚ್ಚಳ ತೋರಿಸಿ, "ಮತ್ತ ಇದು?" ಎಂದ.

"ಅದು ಕಿಡ್ನಿದ್ರಿ."

ಮಾಮ ಮುಷ್ಟಿ ಸಡಿಲ ಬಿಟ್ಟ. ಹತ್ತಿಯನ್ನು ತೋಳಿಗೆ ಒತ್ತಿ ಹಿಡಿದು ಹೊರಗೆ ಬಂದು, ಕಣ್ಣು ಮುಚ್ಚಿ ಪ್ರಸಾದ ತಗೊಂಡ.

ಮಧ್ಯಾಹ್ನ ರಿಪೋರ್ಟ್ ಬಂತು. ಲಕೋಟೆ ಒಡೆಯಲು ಅವನ ಕೈ ಬರಲಿಲ್ಲ. ನಾನೇ ಒಡೆದು ಓದಿದೆ. ಖಾಲಿ ಹೊಟ್ಟೆಯ ಸಕ್ಕರೆ ಮಿತಿಯೊಳಗಿತ್ತು. ಮೂರು ತಿಂಗಳ ಸರಾಸರಿ ಗಡಿಯ ಮೇಲೆ ಒಂದು ಕಾಲಿಟ್ಟಿತ್ತು. ಕಿಡ್ನಿ ಚೆನ್ನಾಗಿತ್ತು. ಸಿಹಿ ಬಿಡಿ, ನಡೆಯಿರಿ, ಮೂರು ತಿಂಗಳಿಗೆ ಮತ್ತೆ ಬನ್ನಿ ಎಂದರು ಡಾಕ್ಟರು. ನಾನು ಕುಣಿಯುವುದೊಂದು ಬಾಕಿ!

ಮಾಮ ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತವನು ಮಸ್ಕಿಯ ಬಸ್ಸು ಬಂದರೂ ಏಳಲಿಲ್ಲ.

"ಅಕ್ಕಂದೂ ಒಮ್ಮಿ ಬಂದಿತ್ತವಾ, ಇಂಥಾ ಕಾಗದ. ಪುಕ್ಕಟೆ ತಪಾಸಣಿ ಕ್ಯಾಂಪಿಂದು. ಕ್ಯಾಂಪಿನವರು ಅಂಗಡಿಗೆ ತಂದು, ಅಕ್ಕಗ ಮುಟ್ಟಸ್ರಿ ಅಂತ ನನ್ನ ಕೈಯಾಗ ಕೊಟ್ರು. ನೀ ಆಗ ಕಲಬುರಗ್ಯಾಗ ಓದಾಕತ್ತಿದ್ದಿ. ಅದರಾಗೂ 'ಎಚ್' ಇತ್ತು. ಕ್ಯಾಂಪಿನವರ ಮಿಷನ್, ಏನರ ಸುಳ್ಳ ಹೇಳಿರತೈತಿ ಅಂದ್ಕೊಂಡೆ. ಇನ್ನೊಮ್ಮಿ ಮಾಡಸೂಣು ಅಂತ ಅನಸಲಿಲ್ಲ ನೋಡು."

ನಾನು ಅವನ ಕೈ ಹಿಡಿದು ಕೂತೆ. ಹತ್ತಿ ಇನ್ನೂ ಅಲ್ಲೇ ಅಂಟಿತ್ತು.

ನನ್ನ ನೆನಪಿನಲ್ಲಿ ಅವ್ವ ಆ ವರ್ಷ ಗಟ್ಟಿಮುಟ್ಟಾಗಿದ್ದಳು. ಅಂದು ಸಂಜೆ ಮನೆಗೆ ಬಂದು ಆ ವರ್ಷದ ಹಳೆಯ ದಿನಚರಿ ತೆಗೆದೆ. ಅವಳ ಬಗ್ಗೆ ಇದ್ದದ್ದು ಒಂದೇ ಸಾಲು: 'ಅವ್ವಗೆ ಈ ಸಲದ ಬಿಸಿಲು ತಡೆಯುತ್ತಿಲ್ಲವಂತೆ, ಕೊಡಗಟ್ಟಲೆ ನೀರು ಕುಡಿಯುತ್ತಾಳಂತೆ.' ಪಕ್ಕದಲ್ಲಿ ನಗುವ ಮುಖದ ಚಿತ್ರ ಬರೆದಿದ್ದೆ.

ಮುಂದಿನ ವಾರ ಮಸ್ಕಿಯ ಅಂಗಡಿಗೆ ಹೋದೆ. ಗಿರಾಕಿಗಳು ಯಾರೂ ಇರಲಿಲ್ಲ. ಸಿಟ್ಟಿನಿಂದಲ್ಲ, ಮೆಲ್ಲಗೆ ಕೇಳಿದೆ:

"ಮಾಮಾ, ಆ ಕಾಗದ ಅವ್ವಗ ತೋರಿಸಿದ್ದೇನು?"

ಮಾಮ ಎದ್ದು, ಕಪಾಟಿನಿಂದ ಬಟ್ಟೆಯ ಒಂದು ಥಾನು ಇಳಿಸಿ, ಬಿಚ್ಚಿ, ಅಳೆಯತೊಡಗಿದ.