ಮೂವತ್ತು ಸೆಕೆಂಡಿನ ಚೌಕಾಸಿ

ಬೇರೆಯವರ ಅಂಗಡಿಯಲ್ಲಿ ವರ್ಷಕ್ಕೊಮ್ಮೆ ಆಗುವ ತಮಾಷೆ ನನ್ನ ಹಾಸಿಗೆ ಅಂಗಡಿಯಲ್ಲಿ ವಾರಕ್ಕೊಮ್ಮೆಯಾದರೂ ಆಗುತ್ತದೆ. ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ವರ್ಷವಂತೂ ದಿನಾ ಆಗುತ್ತಿತ್ತು. ಕಾರಣ ನನ್ನ ತಲೆಯ ಮೇಲೇ ಇತ್ತು. ವಿಜಯನಗರದ ಆ ಬಿಲ್ಡಿಂಗಿನಲ್ಲಿ ಕೆಳಗೆ ನನ್ನ ಅಂಗಡಿ, ಮೇಲಿನ ಹಾಲಿನಲ್ಲಿ ಕುಡೊ ಅನ್ನುವ ಜಪಾನಿ ಕಲೆಯ ಕ್ಲಾಸು. ಅದರಲ್ಲಿ ಕರಾಟೆಯ ಹಾಗೆ ಗುದ್ದಬಹುದು, ಜೂಡೋದ ಹಾಗೆ ಎತ್ತಿ ಹಾಕಬಹುದು. ಬಿದ್ದ ಮೇಲೂ ಬಿಡುವುದಿಲ್ಲ. ನೆಲದಲ್ಲೇ ಕೈ ತಿರುಚಿ, ಕತ್ತು ಅಮುಕಿ, 'ಸಾಕಪ್ಪ' ಅನ್ನಿಸಬಹುದು.

ಕ್ಲಾಸು ಇರಲೇಬೇಕು ಅನ್ನುವಷ್ಟು ನನಗೇನೂ ಜಪಾನಿನ ಮೇಲೆ ಪ್ರೀತಿ ಇರಲಿಲ್ಲ. ಆದರೆ ಬಿಲ್ಡಿಂಗ್ ಓನರ್ರು ಒಂದು ಬೆಳಗ್ಗೆ ಬಂದು, "ಆಷಾಢ ಮುಗೀಲಿ ಕಣಯ್ಯ, ಮೇಲಿನವ್ರನ್ನ ಖಾಲಿ ಮಾಡಿಸ್ತೀನಿ. ರಾಜಾಜಿನಗರದಿಂದ ಒಬ್ರು ಕೇಳ್ತಾ ಅವ್ರೆ" ಅಂದರು.

"ಏನು ವ್ಯಾಪಾರ ಅವರದ್ದು?" ಅಂತ ಕೇಳಿದೆ.

"ಹಾಸಿಗೆ."

ಅವತ್ತಿನಿಂದ ಮೇಲಿನ ಕ್ಲಾಸು ಉಳಿಯಬೇಕು ಅಂತ ಇಡೀ ಬೆಂಗಳೂರಿನಲ್ಲಿ ಎಲ್ಲರಿಗಿಂತ ಹೆಚ್ಚು ಹಂಬಲಿಸಿದವನು ನಾನು.

ಟೆಸ್ಟಿಂಗ್ ವಿಭಾಗ

ಹೊಸದಾಗಿ ಮದುವೆಯಾದ ಜೋಡಿಯೊಂದು ಹಾಸಿಗೆ ನೋಡಲು ಬಂದಿತ್ತು. ಹುಡುಗ ನಾಚಿಕೊಂಡು ಅಂಚಿನಲ್ಲಿ ಮಲಗಿ ನೋಡುತ್ತಿದ್ದ. ಅಷ್ಟರಲ್ಲಿ ಮೇಲೆ ಯಾರೋ ಯಾರನ್ನೋ ಎತ್ತಿ ಹಾಕಿದರು. ಧಡ್ ಅಂತ ಸದ್ದಾಗಿ ಫ್ಯಾನು ತೂಗಾಡಿತು. ಆಮೇಲೆ ಪಟಪಟ ಅಂತ ಕೈ ಬಡಿದ ಸದ್ದು.

ಹುಡುಗ ಎದ್ದು ಕೂತ. "ಮೇಲೆ ಏನು ಸಾರ್ ಅದು?"

"ನಮ್ಮ ಟೆಸ್ಟಿಂಗ್ ವಿಭಾಗ," ಅಂದೆ. ಸುಳ್ಳಲ್ಲ. ಮೇಲೆ ಹಾಸಿದ್ದ ಫೋಮು ನಾನೇ ಕೊಟ್ಟಿದ್ದು. "ದಿನಾ ಸಂಜೆ ಹತ್ತಾರು ಜನರನ್ನ ಎತ್ತಿ ಎತ್ತಿ ಹಾಕಿ ನೋಡ್ತೀವಿ."

ಹುಡುಗಿ ತಲೆಯೆತ್ತಿ ಸೂರನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. "ಇದೇ ತಗೊಳ್ಳೋಣ ರೀ," ಅಂದಳು. "ನಮ್ಮಮ್ಮನ ಮನೆಯವರು ನಿಮ್ಮನ್ನ ವಿಚಾರಿಸ್ಕೊಳ್ಳೋಕೆ ಬಂದಾಗ ಬೇಕಾಗುತ್ತೆ."

ಮೊದಲ ರೇಟಿಗೆ ಒಪ್ಪಲಾರೆ

ಮೇಲಿನ ಕ್ಲಾಸಿನ ಮಾಸ್ಟರು ಧಾರವಾಡದ ಕಡೆಯವರು. ಸಣ್ಣ ಆಳು, ಮೆತ್ತನೆ ಮಾತು. ಒಂದು ದಿನ ಕೆಳಗಿಳಿದು, "ಸಾವ್ಕಾರ್ರ, ಫೋಮ್ ಭಾಳ ಗಟ್ಟಿ ಅದ ರೀ" ಅಂದರು. ಮಾಲಿನ ಬಗ್ಗೆ ಮಾತು ಬಂದರೆ ನಾನು ಸುಮ್ಮನಿರುವವನಲ್ಲ. ಮೇಲೆ ಹೋಗಿ, ಅಂಗಾತ ಮಲಗಿ, "ಎಲ್ಲಿದೆ ಗಟ್ಟಿ?" ಅಂತ ಕೇಳಿದೆ.

"ಹಂಗ ಇರ್ರಿ, ತೋರಸ್ತೀನಿ," ಅಂದರು. ಮರುಕ್ಷಣ ನನ್ನ ಬಲಗೈ ಅವರ ಎದೆಗೆ ಅಂಟಿತ್ತು, ಅವರ ಒಂದು ಕಾಲು ನನ್ನ ಮುಖದ ಮೇಲೆ, ಇನ್ನೊಂದು ಎದೆಯ ಮೇಲೆ. ಮೊಣಕೈ ಹಿಮ್ಮುಖವಾಗಿ ಬಾಗಲು ಹೊರಟಿತ್ತು.

"ನೋವಾತಂದ್ರ ಎರಡು ಸಲ ನೆಲಾ ತಟ್ರಿ, ಬಿಡ್ತೀನಿ. ಅದ ಇಲ್ಲಿ ಸೋತಂಗ."

ನೋವೇನೋ ಆಗಿತ್ತು. ಆದರೆ ಎದುರಿನವನು ಹೇಳಿದ ಮೊದಲ ರೇಟಿಗೆ ನಾನು ಜೀವಮಾನದಲ್ಲಿ ಒಪ್ಪಿದವನಲ್ಲ. "ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ ಮಾಸ್ಟರೇ," ಅಂದೆ.

"ಏನು ಕಮ್ಮಿ?"

"ನೀವು ಒಂದು ಚೂರು ಸಡಿಲ ಬಿಡಿ. ನಾನೂ ಒಂದು ಹೆಜ್ಜೆ ಬರ್ತೀನಿ. ಇಬ್ಬರಿಗೂ ಆಗೋ ಹಾಗೆ ಮುಗಿಸೋಣ."

ಮಾಸ್ಟರಿಗೆ ನಗು ತಡೆಯಲಾಗಲಿಲ್ಲ. ನಕ್ಕವರ ಹಿಡಿತ ಸಡಿಲವಾಗಿಯೇ ಆಗುತ್ತದೆ. ಕೈ ಎಳೆದುಕೊಂಡು ಎದ್ದುಬಿಟ್ಟೆ.

"ಜಪಾನದಾಗ ಇದಕ್ಕ ಹೆಸರಿಲ್ರಿ," ಅಂತ ಅವರು ಕಣ್ಣೊರೆಸಿಕೊಂಡರು. "ನಾಳಿಯಿಂದ ಕ್ಲಾಸಿಗೆ ಬರ್ರಿ."

ಹೋಗತೊಡಗಿದೆ. ಮೇಲೆ ಏನು ನಡೆಯುತ್ತಿದೆ ಅಂತ ಗೊತ್ತಿರುವುದು ಒಳ್ಳೆಯದು. ಜೊತೆಗೆ ಫೋಮು ಗಟ್ಟಿಯೇ ಇತ್ತು, ಅದನ್ನು ಬೇರೆ ಯಾರೂ ಗಮನಿಸಬಾರದಿತ್ತು.

ವಕೀಲರ ಜೊತೆ

ಕುಡೊದಲ್ಲಿ ಒಂದು ನಿಯಮವಿದೆ. ನೆಲಕ್ಕೆ ಬಿದ್ದ ಮೇಲೆ ಮೂವತ್ತೇ ಸೆಕೆಂಡು. ಅಷ್ಟರೊಳಗೆ ಎದುರಾಳಿಯ ಕೈಲಿ ತಟ್ಟಿಸದಿದ್ದರೆ ರೆಫರಿ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸುತ್ತಾನೆ. ಇದನ್ನು ಕೇಳಿದಾಗ ನನಗೆ ಈ ಕಲೆಯ ಮೇಲೆ ಗೌರವ ಬಂತು. ಗಿರಾಕಿಯನ್ನು ಅರ್ಧ ಗಂಟೆ ಮಾತಿನಲ್ಲಿ ನಿಲ್ಲಿಸುವವನಿಗೆ ಮೂವತ್ತು ಸೆಕೆಂಡು ಯಾವ ಲೆಕ್ಕ?

ನಾಗರಬಾವಿಯಲ್ಲಿ ಕಾನೂನು ಓದುತ್ತಿದ್ದ ಹುಡುಗನೊಬ್ಬ ನನ್ನ ಜೊತೆಗಾರ. ಹಿಂದಿನಿಂದ ಬಂದು, ನನ್ನ ಅಂಗಿಯ ಕಾಲರನ್ನೇ ಹಿಡಿದು ಕತ್ತು ಬಿಗಿಯತೊಡಗಿದ.

"ಒಂದ್ನಿಮಿಷ ಮಗಾ," ಅಂದೆ. "ಬಾಡಿಗೆದಾರನನ್ನ ಆಷಾಢದಲ್ಲಿ ಖಾಲಿ ಮಾಡಿಸಬಹುದಾ?"

"ಆಷಾಢಕ್ಕೂ ಕಾನೂನಿಗೂ ಸಂಬಂಧ ಇಲ್ಲ ಅಂಕಲ್. ನೋಟಿಸ್ ಕೊಡಬೇಕು."

"ಬಾಯಲ್ಲಿ ಹೇಳಿದ್ರೆ?"

"ಅದು ಅಗ್ರಿಮೆಂಟ್ ಹೇಗಿದೆ ಅನ್ನೋದರ ಮೇಲೆ..." ಅಂತ ಅವನು ಬಿಡಿಸಿ ಹೇಳಲು ಒಂದು ಕೈ ಎತ್ತಿದ. ಮಾಸ್ಟರು ಸೀಟಿ ಊದಿದರು. ಮೂವತ್ತು ಸೆಕೆಂಡು ಮುಗಿದಿತ್ತು.

"ಅಂಕಲ್, ಇದು ಬರೀ ಕಾಲಹರಣ."

"ನೀನು ಐದು ವರ್ಷ ಕೂತು ಓದ್ತಿರೋದು ಅದನ್ನೇ ಅಲ್ವಾ?"

ಚಂದ್ರಾ ಲೇಔಟಿನ ಆಂಟಿ

ಮಧ್ಯಾಹ್ನ ಗಿರಾಕಿ ಕಮ್ಮಿ. ಕೌಂಟರಿನ ಹಿಂದೆ ಉದ್ದನೆಯ ದಿಂಬೊಂದನ್ನು ಎದುರಾಳಿ ಮಾಡಿಕೊಂಡು, ಎರಡೂ ಕಾಲಿನ ನಡುವೆ ಅದರ ಕತ್ತು ಸಿಕ್ಕಿಸಿ ಅಮುಕುವುದನ್ನು ಅಭ್ಯಾಸ ಮಾಡುತ್ತಿದ್ದೆ. ಬೆವರು ಇಳಿಯುತ್ತಿತ್ತು. ತಲೆಯೆತ್ತಿದರೆ ಚಂದ್ರಾ ಲೇಔಟಿನಿಂದ ಬಂದ ಆಂಟಿಯೊಬ್ಬರು ಕೌಂಟರಿನ ಮೇಲಿಂದ ಬಗ್ಗಿ ನೋಡುತ್ತಿದ್ದರು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

"ಹತ್ತಿ ಗಟ್ಟಿ ಇದೆಯಾ ನೋಡ್ತಿದ್ದೆ ಮೇಡಂ," ಅಂದೆ ಮಲಗಿದಲ್ಲಿಂದಲೇ. "ಎಷ್ಟು ಒದ್ದಾಡಿದರೂ ಇದು ಹರಿಯಲ್ಲ."

ಆಂಟಿ ಯೋಚಿಸಿದರು. "ನಮ್ಮನೆಯವರು ಅಷ್ಟೆಲ್ಲ ಒದ್ದಾಡಲ್ಲ," ಅಂದರು. "ಸಾಧಾರಣದ್ದೇ ಕೊಡಿ."

ಅಂಗಾತ ಬಿದ್ದವನು

ಓನರ್ರದ್ದು ಹಳೆಯ ಊರಿನ ಮನೆತನ. ವಯಸ್ಸಿನಲ್ಲಿದ್ದಾಗ ಗರಡಿ ಮಣ್ಣಲ್ಲಿ ಕುಸ್ತಿ ಆಡಿದವರು. ಸಂಜೆ ಆರಾಯಿತೆಂದರೆ ಅವರ ಹೆಂಡತಿ ಅಮ್ಮಾವ್ರೇ ಮುಂದೆ ನಿಂತು ಕುರ್ಚಿಯನ್ನೂ ಕಾಫಿ ಫ್ಲಾಸ್ಕನ್ನೂ ಕ್ಲಾಸಿನ ಹಾಲಿಗೆ ಸಾಗಿಸಿ, ಇವರನ್ನೂ ಹಿಂದೆಯೇ ಕಳಿಸುತ್ತಿದ್ದರು. ಇವರು ಕೂತು ಕ್ಲಾಸು ಮುಗಿಯುವವರೆಗೆ ಬೈಯುವುದು. "ಅಂಗಾತ ಬಿದ್ದ ಅಂದ್ರೆ ಸೋತ ಅಂತ. ಬಿದ್ಕೊಂಡು ಮಾಡೋದೂ ಒಂದು ಯುದ್ಧವೇನ್ರಯ್ಯ?"

ಆಷಾಢ ಮುಗಿಯುತ್ತಾ ಬಂದಿತ್ತು. ಅವತ್ತು ಮಾಸ್ಟರು ಕೈ ಮುಗಿದು, "ಯಜಮಾನ್ರ, ಎರಡು ವರ್ಷ ಕಟ್ಟಿದ ಕ್ಲಾಸ್ ರೀ. ಬ್ಯಾರೆ ಕಡೆ ಹಾಲ್ ಸಿಗಾಂಗಿಲ್ಲ" ಅಂದರು.

ಓನರ್ರು ಕುರ್ಚಿಯಿಂದ ಎದ್ದು ಪಂಚೆ ಕಚ್ಚೆ ಹಾಕಿದರು. "ನಿಮ್ಮ ಆ ಮೂವತ್ತು ಸೆಕೆಂಡಲ್ಲಿ ನನ್ನ ಕೈಲಿ ತಟ್ಟಿಸಿ. ಹಾಲ್ ನಿಮ್ಮದೇ. ಆಗ್ಲಿಲ್ವೋ, ನಾಳೆನೇ ರಾಜಾಜಿನಗರದವ್ರಿಗೆ ಬೀಗದ ಕೈ."

"ಹಿರಿಯರ ಮ್ಯಾಲ ಕೈ ಮಾಡಾಂಗಿಲ್ರಿ," ಅಂತ ಮಾಸ್ಟರು ಹಿಂದೆ ಸರಿದರು.

"ನೀನ್ಯಾಕಪ್ಪ? ಆ ಹಾಸಿಗೆಯವ್ನು ಬರ್ಲಿ. ಇಬ್ರಿಗೂ ಮಂಡಿ ನೋವು, ಸಮ ಆಯ್ತದೆ."

ನನ್ನ ವ್ಯಾಪಾರ ನನ್ನ ಕೈಯಲ್ಲೇ, ಅದೂ ಮೊಣಕೈಯಲ್ಲಿ, ಬಂದು ನಿಂತಿತು. ಫೋಮಿನ ಮೇಲೆ ಹೋಗಿ ನಿಂತೆ. ಹಿಡಿದ ಕೂಡಲೇ ಗೊತ್ತಾಯಿತು, ಆ ಮನುಷ್ಯ ಕಬ್ಬಿಣ. ಒಂದೇ ಎಳೆತಕ್ಕೆ ಕಾಲು ತಪ್ಪಿಸಿ ನನ್ನನ್ನು ಅಂಗಾತ ಹಾಕಿದರು. ಕಾನೂನು ಹುಡುಗ ಗಡಿಯಾರ ಒತ್ತಿದ. ಓನರ್ರು ನನ್ನ ಕಾಲುಗಳ ನಡುವೆ ಮಂಡಿಯೂರಿ, ಎರಡೂ ಕೈ ನೆಟ್ಟಗೆ ಚಾಚಿ ನನ್ನ ಭುಜಗಳನ್ನು ನೆಲಕ್ಕೆ ಒತ್ತಿ, ಹಾಲಿನಲ್ಲಿದ್ದವರ ಕಡೆ ಮುಖ ತಿರುಗಿಸಿದರು.

"ನೋಡ್ರಪ್ಪ, ಚಿತ್. ಮುಗೀತು."

ಗರಡಿಯಲ್ಲಿ ಮುಗಿದಿತ್ತು. ಇಲ್ಲಿ ಈಗಷ್ಟೇ ಶುರುವಾಗಿತ್ತು. ಮುಂದೆ ಚಾಚಿದ ಕೈಯನ್ನು ಖಾಲಿ ಕಳಿಸಿ ನನಗೆ ಅಭ್ಯಾಸವಿಲ್ಲ. ಎರಡೂ ಕೈಲಿ ಅದನ್ನು ಅಪ್ಪಿಕೊಂಡು, ಸೊಂಟ ತಿರುಗಿಸಿ, ದಿಂಬಿನ ಪುಣ್ಯದಿಂದ ಒಂದು ಕಾಲನ್ನು ಅವರ ಮುಖದ ಮೇಲಿಂದ ದಾಟಿಸಿದೆ. ಓನರ್ರು ಪಕ್ಕಕ್ಕೆ ಉರುಳಿದರು. ಅವರ ಮೊಣಕೈ ನನ್ನ ಸೊಂಟದ ಮೇಲೆ ನೆಟ್ಟಗೆ ನಿಂತಿತು.

"ಏಯ್, ಆಗಲೇ ಚಿತ್ ಆಗಿದ್ದೀಯ ಕಣಯ್ಯ, ಬಿಡು."

"ತಟ್ಟಿಬಿಡಿ ಯಜಮಾನ್ರೇ, ಬಿಡ್ತೀನಿ."

"ತಟ್ಟಲ್ಲ. ಗರಡಿ ಮಣ್ಣು ಮುಟ್ಟಿದ ಕೈ ಇದು."

ಜೋರಾಗಿ ಎಳೆಯುವಂತಿಲ್ಲ, ಹಿರಿಯರು. ಬಿಡುವಂತೆಯೂ ಇಲ್ಲ, ರಾಜಾಜಿನಗರ. ನನಗೆ ಗೊತ್ತಿದ್ದ ವಿದ್ಯೆಗೇ ಇಳಿದೆ. "ಎರಡು ಸಲ ಬೇಡ, ಒಂದೇ ಸಲ ತಟ್ಟಿದರೆ ಸಾಕು. ನಿಮಗೋಸ್ಕರ."

"ಒಂದೂ ಇಲ್ಲ."

"ಅಂಗೈ ಬೇಡ, ಒಂದು ಬೆರಳು ತಾಗಿಸಿ. ಇದಕ್ಕಿಂತ ಕಮ್ಮಿ ಯಾರೂ ಕೊಡಲ್ಲ."

"ಹತ್ತು ಸೆಕೆಂಡು ಇದೆ," ಅಂದ ಕಾನೂನು ಹುಡುಗ.

ಓನರ್ರ ಮುಖ ಕೆಂಪಾಗಿತ್ತು, ಬೆರಳು ಅಲುಗಲಿಲ್ಲ. ನನ್ನ ಕಣ್ಣಿಗೆ ಮೇಲಿನ ಮಹಡಿಯಲ್ಲಿ ಪರರ ಹಾಸಿಗೆಗಳು ಸಾಲಾಗಿ ಕಾಣತೊಡಗಿದವು. ಅಷ್ಟರಲ್ಲಿ ಮರೆತ ಫ್ಲಾಸ್ಕ್ ಹಿಡಿದು ಅಮ್ಮಾವ್ರು ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲೇ ನಿಂತು, "ಏನಿದು?" ಅಂದರು. ಮಾಸ್ಟರು ಒಂದೇ ಉಸಿರಿನಲ್ಲಿ ಹೇಳಿದರು: ತಟ್ಟಿದರೆ ಕ್ಲಾಸು ಉಳೀತದ, ಇಲ್ಲಂದ್ರ ನಾಳೆ ಖಾಲಿ.

ಅಮ್ಮಾವ್ರು ಫ್ಲಾಸ್ಕನ್ನು ಕುರ್ಚಿಯ ಮೇಲಿಟ್ಟರು. ಸೆರಗು ಸಿಕ್ಕಿಸಿ, ಗಂಡನ ತಲೆಯ ಹತ್ತಿರ ಬಗ್ಗಿ, ಫೋಮಿನ ಮೇಲೆ ಪಟಪಟ ಎರಡು ಸಲ ತಟ್ಟಿದರು.

"ಆಂಟಿ, ನೀವು ತಟ್ಟೋ ಹಾಗಿಲ್ಲ," ಅಂದ ಕಾನೂನು ಹುಡುಗ.

"ಯಾಕಪ್ಪ? ಬಿಲ್ಡಿಂಗ್ ನನ್ನ ಹೆಸರಲ್ಲಿರೋದು."

ಹುಡುಗ ಯೋಚಿಸಿದ. "ಹಾಗಾದ್ರೆ ನಡೆಯುತ್ತೆ," ಅಂದ.

ಕೈ ಬಿಟ್ಟೆ. ಓನರ್ರು ಎದ್ದು ಕೂತು ಮೊಣಕೈ ನೀವಿಕೊಳ್ಳುತ್ತಾ, "ನನ್ನ ಮಾನ ಕಳೆದಲ್ಲೇ" ಅಂದರು.

"ಮಾನ ಇಟ್ಕೊಂಡು ನಾನೇನು ಮಾಡ್ಲಿ?" ಅಂದರು ಅಮ್ಮಾವ್ರು, ಕಾಫಿ ಬಗ್ಗಿಸುತ್ತಾ. "ಈ ಕ್ಲಾಸು ಹೋದ್ರೆ ದಿನಾ ಸಂಜೆ ನೀವು ಕುರ್ಚಿ ತಂದು ನನ್ನ ಅಡುಗೆಮನೆ ಬಾಗಿಲಲ್ಲಿ ಹಾಕ್ಕೊಂಡು ಕೂರ್ತೀರ. ಇಲ್ಲಿ ಆದ್ರೆ ಮೂವತ್ತು ಸೆಕೆಂಡಿಗೆ ಬಿಡಿಸೋಕೆ ಮಾಸ್ಟರು ಇದ್ದಾರೆ. ಅಲ್ಲಿ ನನ್ನನ್ನ ಬಿಡಿಸೋಕೆ ಯಾವ ರೆಫರಿ ಬರ್ತಾನೆ?"